ಗಡಿಗಾವಲಿನಲ್ಲಿ ಸೇನೆಯ ಸ್ಥಾನ

೧

ದೇಶದ ಎಲ್ಲೆಯನ್ನು ಕಾಯತಕ್ಕವರು ಯಾರು ಎಂದು ಕೇಳಿದರೆ, ಸೈನಿಕರು ಎಂದು ಸಾಮಾನ್ಯವಾಗಿ ಎಲ್ಲರೂ ಉತ್ತರ ಹೇಳುವರು. ಹಿಮದ ಬೆಟ್ಟದ ಮೇಲೆ ಬಂದೂಕು ಹಿಡಿದು ನಿಂತ ಯೋಧನ ಚಿತ್ರವು ನಮ್ಮ ಮನಸ್ಸಿನಲ್ಲಿ ಗಡಿಯೆಂಬ ಶಬ್ದದೊಡನೆ ಬೆರೆತುಹೋಗಿದೆ. ಆದರೆ ವಸ್ತುಸ್ಥಿತಿಯನ್ನು ವಿಚಾರಿಸಿ ನೋಡಿದರೆ ಈ ಉತ್ತರವು ಅರ್ಧ ಮಾತ್ರ ಸತ್ಯವೆಂದು ತಿಳಿದುಬರುತ್ತದೆ.

ಭಾರತದ ಭೂಗಡಿಯ ಉದ್ದವು ಸರಕಾರದ ಲೆಕ್ಕದಂತೆ ೧೫,೦೦೦ ಕಿಲೋಮೀಟರುಗಳಿಗೂ ಮಿಕ್ಕದ್ದು. ಬಾಂಗ್ಲಾದೇಶದೊಡನೆ ೪,೦೯೬, ಚೀನದೊಡನೆ ೩,೪೮೮, ಪಾಕಿಸ್ತಾನದೊಡನೆ ೩,೩೨೩, ನೇಪಾಳದೊಡನೆ ೧,೭೫೧, ಮ್ಯಾನ್ಮಾರಿನೊಡನೆ ೧,೬೪೩, ಭೂತಾನದೊಡನೆ ೬೯೯ ಕಿಲೋಮೀಟರುಗಳಷ್ಟು ಗಡಿ ನಮಗುಂಟು. ಇದರಲ್ಲಿ ಭೂಸೇನೆಯು ಶಾಂತಿಕಾಲದಲ್ಲಿಯೂ ತಾನೇ ಮುಂದೆ ನಿಂತು ಕಾಯುವುದು ಮುಖ್ಯವಾಗಿ ಜಮ್ಮು ಕಾಶ್ಮೀರದ ನಿಯಂತ್ರಣ ರೇಖೆಯನ್ನು, ಸಿಯಾಚಿನ್ ಹಿಮನದಿಯನ್ನು ಮತ್ತು ಚೀನದ ಕಡೆಯ ಕೆಲವು ಭಾಗಗಳನ್ನು. ಉಳಿದ ಬಹುಭಾಗದಲ್ಲಿ ಕಾವಲಿರುವವರು ಗಡಿ ಭದ್ರತಾ ಪಡೆ, ಇಂಡೋ-ಟಿಬೆಟನ್ ಗಡಿ ಪೊಲೀಸ್, ಸಶಸ್ತ್ರ ಸೀಮಾ ಬಲ, ಅಸ್ಸಾಂ ರೈಫಲ್ಸ್ ಎಂಬ ಪಡೆಗಳವರು. ಇವರ ಕೈಯಲ್ಲಿಯೂ ಆಯುಧವುಂಟು, ಮೈಮೇಲೆ ಸಮವಸ್ತ್ರವುಂಟು. ಆದರೆ ಇವರು ರಕ್ಷಣಾ ಮಂತ್ರಾಲಯಕ್ಕೆ ಸೇರಿದವರಲ್ಲ, ಗೃಹ ಮಂತ್ರಾಲಯಕ್ಕೆ ಸೇರಿದವರು.

ಹನ್ನೆರಡು ಲಕ್ಷದಷ್ಟು ಯೋಧರಿರುವ ಭೂಸೇನೆಯನ್ನು ಇಟ್ಟುಕೊಂಡ ದೇಶವು ಗಡಿಯನ್ನು ಬೇರೆಯವರಿಂದ ಕಾಯಿಸುವುದೇಕೆ? ಸೇನೆಯನ್ನೇ ನಿಲ್ಲಿಸಿದರೆ ಗಡಿ ಇನ್ನಷ್ಟು ಭದ್ರವಾಗದೆ? ಈ ಪ್ರಶ್ನೆಯನ್ನು ನಮ್ಮ ದೇಶದ ಅನುಭವವನ್ನು ಮುಂದಿಟ್ಟುಕೊಂಡು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೨

ಪ್ರಶ್ನೆಯು ಹೊಸದಲ್ಲ. ೧೯೦೫ರಲ್ಲಿ ಮೈಸೂರಿನಲ್ಲಿ ದೊರೆತು, ಪಂಡಿತ ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ ೧೯೦೯ರಲ್ಲಿ ಅಚ್ಚಾಗಿ ಬೆಳಕು ಕಂಡ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಗಡಿಯ ಅಧಿಕಾರಿಗೆ ಅಂತಪಾಲನೆಂದು ಹೆಸರು. ಇವನು ಸೇನಾಪತಿಯಲ್ಲ. ಇವನ ಕೆಲಸಗಳನ್ನು ನೋಡಿದರೆ ಅದು ಸ್ಪಷ್ಟವಾಗುತ್ತದೆ. ಹೊರನಾಡಿನ ವ್ಯಾಪಾರಿಗಳು ತಂದ ಸರಕನ್ನು ಪರೀಕ್ಷಿಸಿ, ಗುರುತನ್ನೂ ಮುದ್ರೆಯನ್ನೂ ಕೊಟ್ಟು ಒಳಕ್ಕೆ ಕಳುಹಿಸುವುದು. ಸರಕಿನ ಬಂಡಿಗೆ ಒಂದೂಕಾಲು ಪಣದಂತೆ ದಾರಿಸುಂಕವನ್ನು ತೆಗೆದುಕೊಳ್ಳುವುದು. ದಾರಿಯಲ್ಲಿ ವಸ್ತುಗಳು ಕಳೆದುಹೋದರೆ ಅಥವಾ ಕಳುವಾದರೆ ಅದನ್ನು ತಾನೇ ತುಂಬಿಕೊಡುವುದು. ಎಂದರೆ, ಗಡಿಯೆಂಬುದು ಕೌಟಿಲ್ಯನಿಗೆ ಮುಚ್ಚಿದ ಗೋಡೆಯಲ್ಲ. ಜನರೂ ಸರಕೂ ಹಾದುಹೋಗುವ ಬಾಗಿಲು. ಬಾಗಿಲನ್ನು ಕಾಯುವವನು ಒಳಗೆ ಬಿಡತಕ್ಕವರಾರು, ಬಿಡಬಾರದವರಾರು ಎಂಬುದನ್ನು ವಿವೇಚಿಸಬಲ್ಲವನಾಗಿರಬೇಕು.

ಇನ್ನೆರಡು ಸಂಗತಿಗಳು ಗಮನಾರ್ಹವಾಗಿವೆ. ಗಡಿಯ ದುರ್ಗಗಳ ನಡುವಣ ಪ್ರದೇಶವನ್ನು ಬೇಡರು, ಶಬರರು, ಪುಳಿಂದರು ಮೊದಲಾದ ಕಾಡಿನಲ್ಲಿ ಅಲೆಯುವ ಜನರು ಕಾಯಬೇಕೆಂದು ಶಾಸ್ತ್ರಕಾರನು ವಿಧಿಸಿದ್ದಾನೆ. ಅಲ್ಲಿಯ ನೆಲವನ್ನು ಬಲ್ಲವರು ಅವರೇ ಆದುದರಿಂದ ಇದು ಸಹಜವಾದ ಏರ್ಪಾಡು. ಅದಲ್ಲದೆ, ಅಂತಪಾಲನಿಗೆ ೧೨,೦೦೦ ಪಣಗಳ ದೊಡ್ಡ ವೇತನವನ್ನು ಗೊತ್ತುಮಾಡಿದ ಅದೇ ಗ್ರಂಥವು, ರಾಜ್ಯಕ್ಕೆ ಹೊರಗಿನಿಂದ ಒದಗುವ ಕ್ಷೋಭೆಗಳನ್ನು ಎಣಿಸುವಾಗ ಅಂತಪಾಲನು ತಿರುಗಿಬೀಳುವುದನ್ನೂ ಅವುಗಳಲ್ಲಿ ಸೇರಿಸಿದೆ. ದೂರದ ಗಡಿಯಲ್ಲಿ ಕಾವಲಿಗೆಂದು ಕೊಟ್ಟ ಬಲವು ಕೊಟ್ಟವನ ಮೇಲೆಯೇ ತಿರುಗಬಹುದೆಂಬ ಭಯ ಅಂದಿಗೂ ಇದ್ದಿತು. ವಿಜಯನಗರದ ಶಕ್ತಿ ಕುಂದಿದೊಡನೆ ಪಾಳೆಯಗಾರರು ಸ್ವತಂತ್ರರಾದುದನ್ನು ಬಲ್ಲ ಕನ್ನಡಿಗರಿಗೆ ಈ ಭಯದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ವೀರಗಲ್ಲುಗಳೂ ಇಲ್ಲಿ ಸಾಕ್ಷಿ ಹೇಳುತ್ತವೆ. ತುರುಗೊಳ್, ಊರಳಿವು ಎಂಬ ಮಾತುಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಹಿಡಿದೊಯ್ದ ದನಗಳನ್ನು ಮರಳಿಸಲು ಹೋಗಿ ಮಡಿದವರಲ್ಲಿ ಅರಸನ ದಂಡಿನವರೇ ಅಲ್ಲದೆ ಊರ ಗಾವುಂಡನೂ ಅವನ ಮನೆಯವರೂ ಇದ್ದಾರೆ. ದಂಡು ಬರುವ ಮುನ್ನ ಏಟು ಬೀಳುತ್ತಿದ್ದುದು ಎಲ್ಲೆಯ ಊರಿನವರ ಮೇಲೆ.

೩

ಸೈನಿಕನ ಕೆಲಸಕ್ಕೂ ಗಡಿಗಾವಲಿನವನ ಕೆಲಸಕ್ಕೂ ಇರುವ ಭೇದವನ್ನು ಇನ್ನು ಸ್ವಲ್ಪ ವಿವರವಾಗಿ ನೋಡೋಣ. ಸೈನಿಕನನ್ನು ಶಿಕ್ಷಣಗೊಳಿಸುವುದು ಯುದ್ಧಕ್ಕಾಗಿ. ಯುದ್ಧದಲ್ಲಿ ಎದುರಿರುವವನು ಶತ್ರುವೆಂದು ಮೊದಲೇ ನಿಶ್ಚಯವಾಗಿರುತ್ತದೆ. ಅವನನ್ನು ಸೋಲಿಸುವುದೊಂದೇ ಉಳಿದ ಕಾರ್ಯ. ಇದಕ್ಕಾಗಿ ಸೇನೆಯು ಬಲವನ್ನು ಒಂದೆಡೆ ಕೂಡಿಸಿ, ಗುಟ್ಟಾಗಿ ಚಲಿಸಿ, ತಾನು ಆರಿಸಿದ ಸ್ಥಳದಲ್ಲಿ ತೀವ್ರವಾಗಿ ಹೊಡೆಯಬೇಕು.

ಗಡಿಗಾವಲಿನವನ ಸ್ಥಿತಿ ಇದಕ್ಕೆ ವಿರುದ್ಧವಾದದ್ದು. ಅವನ ಮುಂದೆ ಬರುವವನು ಯಾರೆಂದು ಅವನಿಗೆ ಮೊದಲು ತಿಳಿಯದು. ದನವನ್ನು ಹುಡುಕುತ್ತ ದಾರಿ ತಪ್ಪಿದ ಹುಡುಗನಾಗಿರಬಹುದು, ಗೆರೆಯ ಆಚೆಗೆ ಮದುವೆಯಾಗಿ ಹೋದ ಮಗಳನ್ನು ನೋಡಲು ಹೊರಟ ಮುದುಕಿಯಾಗಿರಬಹುದು, ಕಳ್ಳಸಾಗಣೆಯವನಾಗಿರಬಹುದು, ನಿಜವಾಗಿಯೂ ಶತ್ರುವಿನ ಗೂಢಚಾರನಾಗಿರಬಹುದು. ತಡೆದು, ವಿಚಾರಿಸಿ, ಶೋಧಿಸಿ, ಅಗತ್ಯವಿದ್ದರೆ ಸೆರೆಹಿಡಿದು ನ್ಯಾಯಸ್ಥಾನದ ದಾರಿಗೆ ಒಪ್ಪಿಸುವುದು ಅವನ ಧರ್ಮ. ಗುಂಡು ಹಾರಿಸುವುದು ಕಟ್ಟಕಡೆಯ ಉಪಾಯ. ಅವನ ಪಡೆಯು ಒಂದೆಡೆ ಕೂಡಿರದೆ, ನೂರಾರು ಹರದಾರಿ ತೆಳುವಾಗಿ ಹರಡಿಕೊಂಡಿರಬೇಕು. ಅವನು ಅಡಗಿರದೆ ಎಲ್ಲರಿಗೂ ಕಾಣುವಂತಿರಬೇಕು.

ಒಬ್ಬನ ಕೆಲಸವನ್ನು ಇನ್ನೊಬ್ಬನಿಗೆ ವಹಿಸಿದರೆ ಏನಾಗುವುದೆಂಬುದನ್ನು ಸ್ವಾತಂತ್ರ್ಯಾನಂತರದ ನಮ್ಮ ಇತಿಹಾಸವು ಎರಡು ಕಡೆಯಿಂದಲೂ ತೋರಿಸಿಕೊಟ್ಟಿದೆ.

೪

೧೯೫೯ರ ವರೆಗೆ ಲಡಾಖಿನ ಗಡಿಯಲ್ಲಿ ಗಸ್ತು ತಿರುಗುತ್ತಿದ್ದವರು ಪೊಲೀಸರು. ಆ ವರ್ಷ ಅಕ್ಟೋಬರ್ ೨೧ರಂದು ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಪೊಲೀಸರ ತುಕಡಿಯೊಂದರ ಮೇಲೆ ಚೀನದ ಸೈನಿಕರು ಗುಂಡು ಹಾರಿಸಿದರು. ಹತ್ತು ಮಂದಿ ಮಡಿದರು. ದೇಶದಾದ್ಯಂತ ಪೊಲೀಸರು ಇಂದಿಗೂ ಅಕ್ಟೋಬರ್ ೨೧ನ್ನು ಹುತಾತ್ಮರ ಸ್ಮರಣೆಯ ದಿನವಾಗಿ ಆಚರಿಸುವುದು ಇವರ ನೆನಪಿನಲ್ಲಿ. ಎದುರಿಗೆ ಸೇನೆಯಿದ್ದಾಗ ಹಿಂದೆ ಆಸರೆಯಿಲ್ಲದ ಪೊಲೀಸನನ್ನು ನಿಲ್ಲಿಸುವುದು ಅವನನ್ನು ಬಲಿಗೊಟ್ಟಂತೆ ಎಂಬುದು ಇದರಿಂದ ತಿಳಿಯಿತು. ಇದಾದ ಮೇಲೆ ಆ ಗಡಿಯು ಭೂಸೇನೆಯ ವಶಕ್ಕೆ ಬಂದಿತು.

ಆದರೆ ಸೇನೆಗೆ ಒಪ್ಪಿಸಿದ ಮಾತ್ರಕ್ಕೆ ಕಷ್ಟ ಪರಿಹಾರವಾಗಲಿಲ್ಲ. ೧೯೬೧ರ ನವೆಂಬರಿನಲ್ಲಿ, ನಮ್ಮದೆಂದು ಹೇಳುವ ನೆಲದಲ್ಲೆಲ್ಲ ಮುಂದೆ ಮುಂದೆ ಠಾಣ್ಯಗಳನ್ನು ಹೂಡಬೇಕೆಂಬ ನೀತಿಯು ನಿರ್ಧಾರವಾಯಿತು. ಸೇನೆಯು ಸಣ್ಣ ಸಣ್ಣ ತುಕಡಿಗಳಾಗಿ ಒಡೆದು ಹಿಮದ ಕಣಿವೆಗಳಲ್ಲಿ ಹರಡಿಹೋಯಿತು. ಎಷ್ಟೋ ಠಾಣ್ಯಗಳಿಗೆ ಆಹಾರವನ್ನು ಕೂಡ ವಿಮಾನದಿಂದಲೇ ಇಳಿಸಬೇಕಾಗಿದ್ದಿತು. ಈ ಠಾಣ್ಯಗಳು ನೆಲದ ಮೇಲೆ ಹಕ್ಕನ್ನು ಸಾರುವ ಗುರುತುಗಳಾಗಿದ್ದುವೇ ಹೊರತು ಯುದ್ಧಮಾಡಲು ತಕ್ಕ ನೆಲೆಗಳಾಗಿರಲಿಲ್ಲ. ೧೯೬೨ರ ಅಕ್ಟೋಬರ್ ೨೦ರಂದು ಚೀನದ ದಾಳಿ ಪ್ರಾರಂಭವಾದಾಗ ಅವುಗಳಲ್ಲಿ ಹಲವು ಒಂದೊಂದಾಗಿ ಬಿದ್ದುಹೋದುವು. ಕಾವಲುಗಾರನಂತೆ ಹರಡಿಹೋದ ಸೇನೆಯು ಸೇನೆಯಂತೆ ಹೋರಾಡಲು ಶಕ್ತವಾಗದು. ಸೋಲಿಗೆ ಬೇರೆ ಕಾರಣಗಳೂ ಇದ್ದುವು. ಅವುಗಳಲ್ಲಿ ಇದು ಸಣ್ಣದಲ್ಲ. ಯುದ್ಧವು ನಡೆಯುತ್ತಿರುವಾಗಲೇ, ಅಕ್ಟೋಬರ್ ೨೪ರಂದು, ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯು ಸ್ಥಾಪಿತವಾಯಿತು.

೫

ಪಶ್ಚಿಮದ ಗಡಿಯಲ್ಲಿ ಇದೇ ಪಾಠವು ಇನ್ನೊಂದು ರೀತಿಯಲ್ಲಿ ದೊರೆಯಿತು. ೧೯೬೫ರ ವರೆಗೆ ಪಾಕಿಸ್ತಾನದೊಡನೆ ಇದ್ದ ಗಡಿಯನ್ನು ಆಯಾ ರಾಜ್ಯಗಳ ಸಶಸ್ತ್ರ ಪೊಲೀಸರು ಕಾಯುತ್ತಿದ್ದರು. ಪಂಜಾಬಿನವರ ಪದ್ಧತಿ ಒಂದು, ರಾಜಸ್ಥಾನದವರದು ಇನ್ನೊಂದು, ಗುಜರಾತಿನವರದು ಮತ್ತೊಂದು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಬೇಗ ಮುಟ್ಟುವಂತಿರಲಿಲ್ಲ. ಆ ವರ್ಷ ಏಪ್ರಿಲ್ ೯ರಂದು ಕಚ್ಛದ ರಣದಲ್ಲಿ ಸರ್ದಾರ್ ಪೋಸ್ಟ್ ಎಂಬ ಠಾಣ್ಯದ ಮೇಲೆ ಪಾಕಿಸ್ತಾನದ ಸೇನೆಯು ದಾಳಿಮಾಡಿತು. ಅಲ್ಲಿದ್ದವರು ಕೇಂದ್ರ ಮೀಸಲು ಪೊಲೀಸ್ ಪಡೆಯ ಕೆಲವೇ ಮಂದಿ. ಅವರು ತೋರಿದ ಧೈರ್ಯವು ಪ್ರಸಿದ್ಧವಾಗಿದೆ. ಆ ಪಡೆಯು ಏಪ್ರಿಲ್ ೯ನ್ನು ಶೌರ್ಯದಿನವೆಂದು ಆಚರಿಸುತ್ತದೆ. ಆದರೆ ಧೈರ್ಯವು ಏರ್ಪಾಡಿನ ಕೊರತೆಯನ್ನು ಎಲ್ಲ ಸಲವೂ ತುಂಬಲಾರದು.

ಆದುದರಿಂದ ಸರಕಾರವು ಪೊಲೀಸರಿಗೂ ಸೇನೆಗೂ ನಡುವಣದಾದ, ಕೇಂದ್ರದ ಅಧೀನದಲ್ಲಿರುವ ಒಂದು ಪಡೆಯನ್ನು ಕಟ್ಟಲು ನಿಶ್ಚಯಿಸಿತು. ಇದೇ ೧೯೬೫ರ ಡಿಸೆಂಬರ್ ೧ರಂದು ಹುಟ್ಟಿದ ಗಡಿ ಭದ್ರತಾ ಪಡೆ. ಇದರ ಪ್ರಥಮ ಮುಖ್ಯಾಧಿಕಾರಿ ಕೆ. ಎಫ್. ರುಸ್ತುಂಜಿಯವರು ಪೊಲೀಸ್ ಇಲಾಖೆಯಿಂದ ಬಂದವರು. ೨೫ ಬೆಟಾಲಿಯನ್ನುಗಳಿಂದ ಪ್ರಾರಂಭವಾದ ಪಡೆಯಲ್ಲಿ ಈಗ ಎರಡೂವರೆ ಲಕ್ಷಕ್ಕೂ ಮಿಕ್ಕ ಜನರಿದ್ದಾರೆ. ಶಾಂತಿಕಾಲದಲ್ಲಿ ಗಡಿಯ ಜನರಲ್ಲಿ ಭದ್ರತೆಯ ಭಾವವನ್ನು ಉಂಟುಮಾಡುವುದು, ಅಕ್ರಮವಾಗಿ ಗೆರೆ ದಾಟುವುದನ್ನೂ ಕಳ್ಳಸಾಗಣೆಯನ್ನೂ ತಡೆಯುವುದು ಇದರ ಕೆಲಸ. ಯುದ್ಧ ಬಂದರೆ ಅದು ಸೇನೆಯ ಆಜ್ಞೆಗೆ ಒಳಪಟ್ಟು ತನಗೆ ಗೊತ್ತುಮಾಡಿದ ನೆಲೆಯನ್ನು ಹಿಡಿದು ನಿಲ್ಲಬೇಕು.

ಈ ಏರ್ಪಾಡಿನ ಫಲವನ್ನು ೧೯೭೧ರ ಡಿಸೆಂಬರಿನ ಲೋಂಗೇವಾಲಾ ಕಾಳಗದಲ್ಲಿ ಕಾಣಬಹುದು. ರಾಜಸ್ಥಾನದ ಮರಳುಗಾಡಿನ ಆ ಠಾಣ್ಯದಲ್ಲಿ ಪಂಜಾಬ್ ರೆಜಿಮೆಂಟಿನ ೨೩ನೆಯ ಬೆಟಾಲಿಯನ್ನಿನ ಒಂದು ಕಂಪೆನಿಯೂ, ಅವರೊಡನೆ ಗಡಿ ಭದ್ರತಾ ಪಡೆಯ ಕೆಲವು ಒಂಟೆ ಸವಾರರೂ ಇದ್ದರು. ರಾತ್ರಿಯಲ್ಲಿ ಟ್ಯಾಂಕುಗಳೊಡನೆ ಬಂದ ದೊಡ್ಡ ದಂಡನ್ನು ಅವರು ಬೆಳಗಾಗುವ ತನಕ ತಡೆದರು. ಬೆಳಕು ಹರಿದ ಮೇಲೆ ಜೈಸಲ್ಮೇರಿನಿಂದ ಹಾರಿಬಂದ ವಿಮಾನಗಳು ಉಳಿದ ಕೆಲಸವನ್ನು ಮಾಡಿದುವು. ನೆಲವನ್ನು ಬಲ್ಲ ಕಾವಲಿನವರು, ನಿಂತು ಹೋರಾಡುವ ಸೈನಿಕರು, ದೂರದಿಂದ ಧಾವಿಸಿ ಬರುವ ಸಹಾಯ, ಈ ಮೂರೂ ಇಲ್ಲಿ ತಮ್ಮ ತಮ್ಮ ಸ್ಥಾನದಲ್ಲಿದ್ದುವು.

೬

ಸೇನೆಯನ್ನು ಹಿಂದಿರಿಸಿ ಕಾವಲುಪಡೆಯನ್ನು ಮುಂದಿರಿಸುವುದಕ್ಕೆ ಯುದ್ಧತಂತ್ರವೊಂದೇ ಕಾರಣವಲ್ಲ. ಗಡಿಯಲ್ಲಿ ಪ್ರಜೆಗಳಿದ್ದಾರೆ, ಪ್ರಜೆಗಳಿರುವೆಡೆಯಲ್ಲಿ ಕಾಯಿದೆಯಿರಬೇಕು. ೧೯೬೮ರ ಗಡಿ ಭದ್ರತಾ ಪಡೆಯ ಕಾಯಿದೆಯು, ಗಡಿಯ ಸಮೀಪದಲ್ಲಿ ಶೋಧಿಸುವ, ವಶಪಡಿಸಿಕೊಳ್ಳುವ, ಸೆರೆಹಿಡಿಯುವ ಅಧಿಕಾರಗಳನ್ನು ಆ ಪಡೆಗೆ ಕೊಡಲು ಕೇಂದ್ರ ಸರಕಾರಕ್ಕೆ ಅವಕಾಶವಿತ್ತಿದೆ. ಆದರೆ ಸೆರೆಯಾದವನನ್ನು ಸ್ಥಳದ ಪೊಲೀಸರಿಗೆ ಒಪ್ಪಿಸಬೇಕು. ಮುಂದಿನ ತನಿಖೆಯೂ ಮೊಕದ್ದಮೆಯೂ ಪೊಲೀಸರಿಗೂ ನ್ಯಾಯಾಲಯಕ್ಕೂ ಸೇರಿದುವು.

ಈ ಅಧಿಕಾರವು ಗಡಿಯಿಂದ ಎಷ್ಟು ದೂರ ಒಳಕ್ಕೆ ಬರಬಹುದೆಂಬುದು ಸಣ್ಣ ಪ್ರಶ್ನೆಯಲ್ಲ. ೨೦೨೧ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಪಂಜಾಬ್, ಪಶ್ಚಿಮ ಬಂಗಾಳ, ಅಸ್ಸಾಂ ರಾಜ್ಯಗಳಲ್ಲಿ ಈ ಮೇರೆಯನ್ನು ೧೫ ಕಿಲೋಮೀಟರುಗಳಿಂದ ೫೦ಕ್ಕೆ ಏರಿಸಿತು. ಗುಜರಾತಿನಲ್ಲಿ ೮೦ರಿಂದ ೫೦ಕ್ಕೆ ಇಳಿಸಿತು. ಎಲ್ಲೆಡೆಯೂ ಒಂದೇ ಮೇರೆಯಿರಬೇಕು, ಕಳ್ಳಸಾಗಣೆಯವರು ಹೊಸ ಸಾಧನಗಳಿಂದ ದೂರಕ್ಕೆ ನುಗ್ಗುತ್ತಿದ್ದಾರೆ ಎಂಬುದು ಕೇಂದ್ರದ ವಾದ. ಸಾರ್ವಜನಿಕ ಶಾಂತಿಯೂ ಪೊಲೀಸ್ ಆಡಳಿತವೂ ರಾಜ್ಯಾಂಗದಂತೆ ರಾಜ್ಯಗಳ ವಿಷಯ, ಅದರಲ್ಲಿ ಇದು ಕೈಹಾಕಿದಂತೆ ಎಂಬುದು ಪಂಜಾಬ್ ಮತ್ತು ಪಶ್ಚಿಮ ಬಂಗಾಳಗಳ ವಾದ. ಆ ಎರಡು ರಾಜ್ಯಗಳ ವಿಧಾನಸಭೆಗಳೂ ವಿರೋಧದ ನಿರ್ಣಯಗಳನ್ನು ಮಾಡಿದುವು. ಪಂಜಾಬ್ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಯಾರ ವಾದ ಸರಿಯೆಂಬುದನ್ನು ಇಲ್ಲಿ ನಿರ್ಣಯಿಸಬೇಕಾಗಿಲ್ಲ. ಅರೆಸೈನಿಕ ಪಡೆಯೊಂದರ ಕಾವಲಿನ ವಿಷಯದಲ್ಲಿಯೇ ಇಷ್ಟು ವಿವಾದ ಏಳುವುದಾದರೆ, ಸೇನೆಯೇ ಪ್ರಜೆಗಳ ನಡುವೆ ನಿತ್ಯದ ಪಹರೆಗೆ ನಿಂತಾಗ ಏಳುವ ಪ್ರಶ್ನೆಗಳು ಎಷ್ಟು ಗಹನವಾಗಿರಬೇಕೆಂಬುದನ್ನು ವಾಚಕರು ಊಹಿಸಬಹುದು.

೭

ಆ ಪ್ರಶ್ನೆಗಳ ಒಂದು ನಿದರ್ಶನವು ಪರದೇಶದಿಂದ ದೊರೆಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸೇನೆಯನ್ನು ಪೊಲೀಸ್ ಕೆಲಸಕ್ಕೆ ಬಳಸಬಾರದೆಂದು ೧೮೭೮ರಷ್ಟು ಹಿಂದೆಯೇ ಕಾಯಿದೆಯಾಗಿದ್ದಿತು. ಆದರೂ ೧೯೮೯ರಿಂದ ಮಾದಕ ವಸ್ತುಗಳ ಸಾಗಣೆಯನ್ನು ತಡೆಯುವವರಿಗೆ ನೆರವಾಗಲು ಸೈನಿಕರನ್ನು ಮೆಕ್ಸಿಕೋ ಗಡಿಯಲ್ಲಿ ನಿಯೋಜಿಸತೊಡಗಿದರು. ಅವರು ಹಿಡಿಯತಕ್ಕವರಲ್ಲ, ನೋಡಿ ತಿಳಿಸತಕ್ಕವರು ಮಾತ್ರ ಎಂಬುದು ನಿಯಮ. ೧೯೯೭ರ ಮೇ ೨೦ರಂದು ಟೆಕ್ಸಾಸಿನ ರೆಡ್‌ಫರ್ಡ್ ಎಂಬ ಹಳ್ಳಿಯ ಬಳಿ ಪೊದೆಯಂತೆ ವೇಷಮರೆಸಿಕೊಂಡು ಅಡಗಿ ಕುಳಿತಿದ್ದ ನಾಲ್ವರು ಸೈನಿಕರಿಗೆ, ಮೇಕೆಗಳನ್ನು ಕಾಯುತ್ತಿದ್ದ ಹದಿನೆಂಟು ವರ್ಷದ ಹುಡುಗನೊಬ್ಬನು ಹಳೆಯ ಸಣ್ಣ ಬಂದೂಕಿನೊಡನೆ ಕಾಣಿಸಿಕೊಂಡನು. ಅವನು ತಮ್ಮ ಕಡೆಗೆ ಗುಂಡು ಹಾರಿಸಿದನೆಂದು ಸೈನಿಕರು ಹೇಳಿದರು. ತಮ್ಮ ಶಿಕ್ಷಣದಂತೆಯೇ ಅವನನ್ನು ಹಿಂಬಾಲಿಸಿ, ಕೊನೆಗೆ ಅವರಲ್ಲೊಬ್ಬನು ಹೊಡೆದನು, ಹುಡುಗನು ಸತ್ತನು. ಅವನು ಆ ಊರಿನವನೇ, ಆ ದೇಶದ ಪ್ರಜೆಯೇ. ಹೊಡೆದವನ ಮೇಲೆ ಅಪರಾಧವನ್ನು ಹೊರಿಸಲಿಲ್ಲ. ಆದರೆ ಅದಾದ ಮೇಲೆ ಅಂತಹ ಪಹರೆಗೆ ಸೈನಿಕರನ್ನು ಕಳುಹಿಸುವುದನ್ನು ಅಲ್ಲಿಯ ಸೇನಾ ಇಲಾಖೆಯು ನಿಲ್ಲಿಸಿತು.

ಇಲ್ಲಿ ಸೈನಿಕರು ದುಷ್ಟರಾಗಿದ್ದರೆಂದು ಹೇಳುವುದು ನ್ಯಾಯವಲ್ಲ. ಕಾಣದಂತೆ ಅಡಗುವುದು, ಗುಂಡಿಗೆ ಗುಂಡಿನಿಂದ ಉತ್ತರ ಕೊಡುವುದು ಅವರಿಗೆ ಕಲಿಸಿದ ವಿದ್ಯೆ. ತಪ್ಪಿದ್ದುದು ಆ ವಿದ್ಯೆಯನ್ನು ಮೇಕೆ ಕಾಯುವವರು ತಿರುಗಾಡುವ ಬಯಲಿಗೆ ಕಳುಹಿಸಿದುದರಲ್ಲಿ.

ಹಾಗೆಂದು ಕಾವಲುಪಡೆಯೆಂಬ ಹೆಸರಿಟ್ಟ ಮಾತ್ರಕ್ಕೆ ಈ ಅಪಾಯವು ತಪ್ಪುವುದೆಂದು ಭಾವಿಸಲಾಗದು. ೨೦೧೧ರ ಜನವರಿಯಲ್ಲಿ ಬಾಂಗ್ಲಾದೇಶದ ಗಡಿಯ ಮುಳ್ಳುತಂತಿಯ ಬೇಲಿಯನ್ನು ದಾಟುತ್ತಿದ್ದ ಹದಿನೈದು ವರ್ಷದ ಹುಡುಗಿಯೊಬ್ಬಳು ನಮ್ಮ ಗಡಿಗಾವಲಿನವನ ಗುಂಡಿಗೆ ಬಲಿಯಾದಳು. ಅವಳ ಶವವು ಬೇಲಿಯ ಮೇಲೆ ತೂಗುತ್ತಿದ್ದ ಚಿತ್ರವು ಎರಡು ದೇಶಗಳಲ್ಲಿಯೂ ಜನರ ಮನಸ್ಸನ್ನು ಕಲಕಿತು. ಆ ಪಡೆಯ ಸ್ವಂತ ನ್ಯಾಯಾಲಯವು ಆಪಾದಿತನನ್ನು ೨೦೧೩ರಲ್ಲಿ ಬಿಡುಗಡೆಮಾಡಿತು. ೨೦೧೫ರ ಪುನರ್ವಿಚಾರಣೆಯಲ್ಲಿಯೂ ತೀರ್ಪು ಬದಲಾಗಲಿಲ್ಲ. ಆದುದರಿಂದ ಮುಖ್ಯವಾದುದು ಪಡೆಯ ಹೆಸರಲ್ಲ. ಅದಕ್ಕೆ ಕೊಟ್ಟ ಶಿಕ್ಷಣವೇನು, ಆಯುಧ ಯಾವುದು, ತಪ್ಪಿದಾಗ ಅದು ಯಾರಿಗೆ ಉತ್ತರ ಹೇಳಬೇಕು ಎಂಬುವೇ ಮುಖ್ಯವಾದುವು.

೮

ಇಷ್ಟಾಗಿಯೂ ಸೇನೆಯು ತಾನೇ ಮುಂದೆ ನಿಲ್ಲಲೇಬೇಕಾದ ಗಡಿಗಳುಂಟೆಂಬುದನ್ನು ಒಪ್ಪಬೇಕು. ಎರಡು ದೇಶಗಳೂ ಒಪ್ಪಿದ ಗೆರೆಯಿದ್ದರೆ ಮಾತ್ರ ಅದನ್ನು ಕಾವಲುಗಾರನು ಕಾಯಬಲ್ಲನು. ಗೆರೆಯೇ ವಿವಾದದಲ್ಲಿದ್ದು ಎದುರಿಗೆ ಸೇನೆಯಿರುವಲ್ಲಿ ನಮ್ಮ ಸೇನೆಯೂ ನಿಲ್ಲಬೇಕಾಗುತ್ತದೆ. ಆದರೆ ಅಲ್ಲಿಯೂ ಕಾವಲಿನ ಗುಣವನ್ನು ಬಿಡುವಂತಿಲ್ಲ. ಚೀನದೊಡನೆ ೧೯೯೬ರಲ್ಲಿ ಆದ ಒಪ್ಪಂದದಂತೆ ವಾಸ್ತವಿಕ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರುಗಳೊಳಗೆ ಯಾರೂ ಗುಂಡು ಹಾರಿಸಬಾರದು. ೨೦೨೦ರ ಜೂನ್ ೧೫ರಂದು ಗಾಲ್ವಾನ್ ಕಣಿವೆಯಲ್ಲಿ ನಡೆದ ಘರ್ಷಣೆಯಲ್ಲಿ ಕರ್ನಲ್ ಒಬ್ಬರೂ ಸೇರಿ ನಮ್ಮ ೨೦ ಮಂದಿ ಯೋಧರು ಮಡಿದರು. ಆ ರಾತ್ರಿ ಹೋರಾಟವು ಕಲ್ಲು, ದೊಣ್ಣೆಗಳಿಂದ ನಡೆಯಿತು.

ಕಾರ್ಗಿಲಿನ ಅನುಭವವೂ ಇಲ್ಲಿ ನೆನೆಯತಕ್ಕದ್ದು. ಅಲ್ಲಿಯ ಶಿಖರಗಳ ಠಾಣ್ಯಗಳನ್ನು ಸೇನೆಯು ಚಳಿಗಾಲದಲ್ಲಿ ತೆರವುಮಾಡುತ್ತಿದ್ದಿತು. ೧೯೯೯ರ ಮೇ ತಿಂಗಳ ಮೊದಲಲ್ಲಿ, ಎತ್ತರದಲ್ಲಿ ಅಪರಿಚಿತರಿದ್ದಾರೆಂಬ ಸುದ್ದಿಯನ್ನು ತಂದವರು ಆ ಕಡೆಯ ಕುರುಬರು. ಮುಂದೆ ಜುಲೈ ೨೬ರ ವರೆಗೆ ನಡೆದ ಯುದ್ಧದಲ್ಲಿ ನಮ್ಮ ೫೨೭ ಮಂದಿ ಪ್ರಾಣತೆತ್ತರು. ಕೌಟಿಲ್ಯನು ಕಾಡಿನ ಜನರಿಗೆ ಗಡಿಯ ನಡುವಣ ನೆಲವನ್ನು ಒಪ್ಪಿಸಿದುದರ ಅರ್ಥವು ಇಲ್ಲಿ ಹೊಳೆಯುತ್ತದೆ.

ಯುದ್ಧಾನಂತರ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ವಿಮರ್ಶೆಯ ಸಮಿತಿಯೊಂದು ನೇಮಕವಾಯಿತು. ಅದನ್ನನುಸರಿಸಿ ಮಂತ್ರಿಗಳ ಮಂಡಲಿಯೊಂದು ೨೦೦೧ರಲ್ಲಿ, ಒಂದು ಗಡಿಗೆ ಒಂದೇ ಪಡೆ ಹೊಣೆಯಾಗಿರತಕ್ಕದ್ದೆಂದು ಸಲಹೆಯಿತ್ತಿತು. ಪಾಕಿಸ್ತಾನ, ಬಾಂಗ್ಲಾದೇಶಗಳ ಗಡಿಗಳು ಗಡಿ ಭದ್ರತಾ ಪಡೆಗೂ, ಚೀನದ ಗಡಿಯು ಇಂಡೋ-ಟಿಬೆಟನ್ ಗಡಿ ಪೊಲೀಸರಿಗೂ, ನೇಪಾಳ ಭೂತಾನಗಳ ಗಡಿಗಳು ಸಶಸ್ತ್ರ ಸೀಮಾ ಬಲಕ್ಕೂ, ಮ್ಯಾನ್ಮಾರಿನ ಗಡಿಯು ಅಸ್ಸಾಂ ರೈಫಲ್ಸಿಗೂ ಸೇರಿದುದು ಈ ನಿಯಮದಂತೆ. ಇವುಗಳಲ್ಲಿ ಅಸ್ಸಾಂ ರೈಫಲ್ಸ್ ೧೮೩೫ರಲ್ಲಿ ಕಾಛಾರ್ ಲೆವಿ ಎಂಬ ಹೆಸರಿನಿಂದ ಹುಟ್ಟಿದ್ದು. ಅದರ ಆಡಳಿತವು ಗೃಹ ಮಂತ್ರಾಲಯದ್ದು, ಕಾರ್ಯಾಚರಣೆಯ ಆಜ್ಞೆಯು ಭೂಸೇನೆಯದು. ಇಬ್ಬರು ಯಜಮಾನರಿರುವ ಈ ಏರ್ಪಾಡು ಬಹುಕಾಲದಿಂದ ಚರ್ಚೆಗೆ ಒಳಗಾಗಿದೆ.

೯

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಗಡಿಯ ರಕ್ಷಣೆಗೆ ಸೇನೆಯು ಅವಶ್ಯ; ಅದರ ಆಸರೆಯಿಲ್ಲದ ಕಾವಲು ಹಾಟ್ ಸ್ಪ್ರಿಂಗ್ಸಿನಲ್ಲಿ ಪೊಲೀಸರ ಪ್ರಾಣವನ್ನು ತೆಗೆದುಕೊಂಡಿತು. ಆದರೆ ಸೇನೆಯನ್ನೇ ಕಾವಲನ್ನಾಗಿ ಹರಡಿದರೆ ಯುದ್ಧಕ್ಕೆ ಬೇಕಾದ ಬಲವು ಚದರಿಹೋಗುತ್ತದೆ, ಮತ್ತು ಯಾರ ರಕ್ಷಣೆಗಾಗಿ ಅದು ಬಂದಿತೋ ಅವರೇ ಅದಕ್ಕೆ ಅಂಜಬೇಕಾಗುತ್ತದೆ. ಒಪ್ಪಿದ ಗೆರೆಯಲ್ಲಿ ಕಾಯಿದೆಗೆ ಒಳಪಟ್ಟ ಕಾವಲುಪಡೆ ಮುಂದೆಯೂ ಸೇನೆ ಹಿಂದೆಯೂ ಇರುವುದು ಯುಕ್ತ. ಒಪ್ಪದ ಗೆರೆಯಲ್ಲಿ ಸೇನೆಯು ಮುಂದೆ ನಿಂತರೂ ಸಂಯಮದ ಒಪ್ಪಂದಗಳನ್ನು ಹಿಡಿದು ನಿಲ್ಲುವುದು ಯುಕ್ತ.

ಎಲ್ಲೆಯಲ್ಲಿ ಕುರಿ ಮೇಯಿಸುವವನು ಕಾರ್ಗಿಲಿನಲ್ಲಿ ದೇಶಕ್ಕೆ ಕಣ್ಣಾದನು, ರೆಡ್‌ಫರ್ಡಿನಲ್ಲಿ ಮೇಕೆ ಕಾಯುವವನು ಬಂದೂಕಿಗೆ ಗುರಿಯಾದನು. ಅವನು ಬೆಟ್ಟದಿಂದ ಇಳಿದುಬಂದು ತಾನು ಕಂಡುದನ್ನು ಹೆದರದೆ ಹೇಳುವಂತಹ ಠಾಣ್ಯವು ಹತ್ತಿರದಲ್ಲಿರುವ ತನಕ ಗಡಿಗೆ ಕಾವಲಿದೆಯೆಂದು ತಿಳಿಯಬಹುದು.